ಬೆವರು ಬರುತ್ತಾ, ಇಲ್ವಾ?

ಹಾರ್ಮೋನ್ ವಿಭಾಗದಲ್ಲಿ ನರ್ಸ್ ಆಗಿ ನನಗೆ 11 ವರ್ಷ. ಡಾಕ್ಟರ್ ಒಳಗೆ ಕರೆಯುವ ಮೊದಲು ರೋಗಿಯ ಹತ್ತಿರ ಕೂತು, ಏನು ತೊಂದರೆ, ಯಾವಾಗಿನಿಂದ, ಯಾವ ಮಾತ್ರೆ ನಡೀತಿದೆ ಅಂತ ಕೇಳಿ ಫೈಲಿನಲ್ಲಿ ಬರೆದಿಡುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ಹಾಗೆ ಬರೆಯುವಾಗ ಒಂದು ಮಾತು ಬಿಟ್ಟುಬಿಟ್ಟೆ. ಆ ಮಾತಿನ ಬಗ್ಗೆ ಇದನ್ನು ಬರೆಯುತ್ತಿದ್ದೇನೆ.

ಐವತ್ತು ದಾಟಿದ ಒಬ್ಬ ಹೆಂಗಸು ಬಂದಿದ್ದರು. ಮಾತಾಡುತ್ತಾ ಇದ್ದವರು ತಟ್ಟನೆ ನಿಲ್ಲಿಸಿ, "ನೋಡಿ ಸಿಸ್ಟರ್, ಬಂತು" ಅಂದರು. ಎದೆಯ ಮೇಲ್ಭಾಗದಿಂದ ಶುರುವಾಗಿ ಕುತ್ತಿಗೆ, ಕೆನ್ನೆ, ಹಣೆಯವರೆಗೆ ಕೆಂಪು ಏರಿತು. ನಾನು ಟಿಶ್ಯೂ ಚಾಚಿದೆ. "ಬೇಡ, ನಂಗೆ ಬೆವರೋದಿಲ್ಲ" ಅಂದರು. ಎರಡು ಮೂರು ನಿಮಿಷದಲ್ಲಿ ಎಲ್ಲಾ ಇಳಿಯಿತು. ನಾನು ಬರೆದದ್ದು ಇಷ್ಟು: "ಮುಟ್ಟು ನಿಂತು ಎರಡು ವರ್ಷ. ಮೈ ಬಿಸಿಯೇರುತ್ತದೆ. ಐಬಿಎಸ್, ಹಳೆಯದು." ಅವರಿಗೆ ಬಹಳ ಕಾಲದಿಂದ ಭೇದಿಯೂ ಇತ್ತು. ಅದನ್ನು ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ಏನೂ ಸಿಗದೆ ಕರುಳು ಪದೇ ಪದೇ ಕೆಡುವ ತೊಂದರೆ, ಅಂತ ಬರೆದದ್ದು ಯಾಕೆಂದರೆ, ಅವರು ತಂದಿದ್ದ ಹಳೆಯ ಚೀಟಿಗಳಲ್ಲೆಲ್ಲಾ ಹಾಗೇ ಇತ್ತು.

ಒಳಗೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕೆಂಪಾದಾಗ ಬೆವರು ಬರುತ್ತಾ, ಇಲ್ವಾ?" ಎರಡನೆಯದು, "ರಾತ್ರಿ ನಿದ್ದೆಯಿಂದ ಎಬ್ಬಿಸಿ ಭೇದಿ ಆಗುತ್ತಾ?" ಬೆವರು ಇಲ್ಲ. ರಾತ್ರಿ ಎರಡು ಮೂರು ಸಲ ಏಳಲೇಬೇಕು. ಏನೂ ತಿನ್ನದೆ ಇದ್ದ ದಿನವೂ ನಿಲ್ಲೋದಿಲ್ಲ. ಟಿಶ್ಯೂ ಬೇಡ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು, ಕೈಗೆ ಬಂದಿರಲಿಲ್ಲ.

ಮುಟ್ಟು ನಿಲ್ಲುವ ಕಾಲದ ಬಿಸಿಯೇರುವಿಕೆಯಲ್ಲಿ ಸಾಮಾನ್ಯವಾಗಿ ಬೆವರೂ ಬರುತ್ತದೆ. ಮೈ ತನ್ನ ಬಿಸಿಯನ್ನು ಹೊರಗೆ ಹಾಕಲು ನೋಡುತ್ತಿರುತ್ತದೆ, ರಾತ್ರಿ ದಿಂಬು ಒದ್ದೆಯಾಗುತ್ತದೆ, ಆಮೇಲೆ ಕೆಲವರಿಗೆ ಚಳಿ ಹಿಡಿಯುತ್ತದೆ. ಕಾರ್ಸಿನಾಯ್ಡ್ ಸಿಂಡ್ರೋಮ್ ಎಂಬ ಕಾಯಿಲೆಯ ಕೆಂಪು ಹೆಚ್ಚಾಗಿ ಒಣ ಕೆಂಪು. ಅಲ್ಲಿ ರಕ್ತನಾಳಗಳನ್ನು ಅಗಲ ಮಾಡುವುದು ಗೆಡ್ಡೆಯೊಂದು ಬಿಡುವ ರಾಸಾಯನಿಕಗಳು. ಇದೊಂದರಿಂದಲೇ ಕಾಯಿಲೆ ಯಾವುದು ಅಂತ ಹೇಳಲಾಗುವುದಿಲ್ಲ, ಆದರೆ ಯಾವ ಕಡೆ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ.

ಈ ಗೆಡ್ಡೆ ಹೆಚ್ಚಾಗಿ ಸಣ್ಣ ಕರುಳಿನಲ್ಲಿ ಹುಟ್ಟುತ್ತದೆ. ಸೆರೊಟೋನಿನ್ ಮತ್ತಿತರ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ, ಲಿವರ್ ಅವನ್ನು ಒಡೆದುಹಾಕುತ್ತದೆ. ಹಾಗಾಗಿ ಗೆಡ್ಡೆ ಲಿವರ್‌ಗೆ ಹರಡುವ ತನಕ ಈ ಲಕ್ಷಣಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಶ್ವಾಸಕೋಶ, ಅಂಡಾಶಯದ ಗೆಡ್ಡೆಗಳು ಮಾತ್ರ ಬೇರೆ, ಅವು ಬಿಟ್ಟದ್ದು ಲಿವರ್ ದಾಟದೆ ನೇರವಾಗಿ ಮೈಗೆ ಸೇರುತ್ತದೆ. ಹೆಸರೇ ಜನರನ್ನು ದಾರಿ ತಪ್ಪಿಸಿತ್ತು ಅಂತ ನನಗೆ ಅನಿಸುತ್ತದೆ. 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಎಂಬ ವೈದ್ಯರು ಇದಕ್ಕೆ "ಕ್ಯಾನ್ಸರ್‌ನಂತಹದು" ಎಂಬ ಅರ್ಥದಲ್ಲಿ ಕಾರ್ಸಿನಾಯ್ಡ್ ಅಂತ ಹೆಸರಿಟ್ಟರು, ನಿಜವಾದ ಕ್ಯಾನ್ಸರ್‌ನ ಹಾಗೆ ಹರಡುವುದಿಲ್ಲ ಅಂತ ತಿಳಿದು. ಇದು ಹರಡಬಲ್ಲದು ಅಂತ 1929ರಲ್ಲಿ ಅವರೇ ತಿದ್ದಿಕೊಂಡರು.

ಅವತ್ತಿನಿಂದ "ಮುಖ ಕೆಂಪಾಗುತ್ತೆ" ಅಂತ ಯಾರು ಹೇಳಿದರೂ ನಾನು ಅಲ್ಲಿಗೇ ಬರೆದು ಮುಗಿಸುವುದಿಲ್ಲ. ತುರಿಕೆ ಇದೆಯಾ ಕೇಳುತ್ತೇನೆ. ಒಬ್ಬ ಹುಡುಗನಿಗೆ ಇತ್ತು. ತೊಡೆಯ ಮೇಲೆ ಸಣ್ಣ ಸಣ್ಣ ಕಂದು ಮಚ್ಚೆ. ಡಾಕ್ಟರ್ ಒಂದು ಮಚ್ಚೆಯನ್ನು ಪೆನ್ನಿನ ಹಿಂಬದಿಯಿಂದ ಉಜ್ಜಿದರು. ನಾವು ನೋಡುತ್ತಿದ್ದಂತೆ ಅದು ಉಬ್ಬಿ, ಸುತ್ತ ಕೆಂಪಾಯಿತು. ಮಾಸ್ಟೊಸೈಟೋಸಿಸ್. ಅಲರ್ಜಿಯ ಜೀವಕೋಶಗಳು ಜಾಸ್ತಿಯಾಗಿ ಹಿಸ್ಟಮಿನ್ ಸುರಿಸುವ ಕಾಯಿಲೆ. ಇದರಲ್ಲೂ ಕೆಂಪು ಇದೆ, ಭೇದಿ ಇದೆ, ಆದರೆ ತುರಿಕೆ, ದದ್ದು, ಒಮ್ಮೊಮ್ಮೆ ಬಿಪಿ ಕುಸಿದು ತಲೆ ತಿರುಗಿ ಬೀಳುವುದೂ ಇರುತ್ತದೆ. ಆ ಜೀವಕೋಶಗಳೇ ಬಿಡುವ ಟ್ರಿಪ್ಟೇಸ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುತ್ತಾರೆ.

ಎದೆ ಡವಡವ, ತಲೆನೋವು, ಬೆವರು ಒಟ್ಟಿಗೆ ಬಂದು ಬಿಪಿ ಏರಿದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಫಿಯೋಕ್ರೊಮೊಸೈಟೋಮ ಎಂಬ ಗೆಡ್ಡೆ ನೆನಪಾಗಬೇಕು. ಅಲ್ಲಿ ಮುಖ ಹೆಚ್ಚಾಗಿ ಕೆಂಪಾಗುವುದಿಲ್ಲ, ಬಿಳಿಚಿಕೊಳ್ಳುತ್ತದೆ. ಕುತ್ತಿಗೆಯಲ್ಲಿ ಗಂಟು ಇದ್ದು, ಕೆಂಪೂ ಭೇದಿಯೂ ಇದ್ದರೆ ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ಇರಬಹುದು, ಅದಕ್ಕೆ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್‌ನ ಪರೀಕ್ಷೆ. ಕೆನ್ನೆ ಮೂಗಿನ ಕೆಂಪು ಬಂದು ಹೋಗದೆ ಅಲ್ಲೇ ನಿಂತು ಗುಳ್ಳೆ ಏಳುತ್ತಿದ್ದರೆ ಅದು ಹೆಚ್ಚಾಗಿ ರೊಸೇಷಿಯ ಎಂಬ ಚರ್ಮದ ತೊಂದರೆ. ಥೈರಾಯ್ಡ್ ಜಾಸ್ತಿಯಾದವರೂ, ಪ್ಯಾನಿಕ್ ಅಟ್ಯಾಕ್ ಆಗುವವರೂ ಇದೇ ಮಾತು ಹೇಳಿಕೊಂಡು ಬರುತ್ತಾರೆ. ಅವರಲ್ಲಿ ಯಾರ ತೊಂದರೆಯೂ ಸುಮ್ನೆ ಅಲ್ಲ.

ಇನ್ನು ಮಾತ್ರೆ. ಇದನ್ನು ನಾನು ಮುಖ ಕೆಂಪಾಗುತ್ತೆ ಅಂತ ಬಂದ ಇನ್ನೊಬ್ಬ ರೋಗಿಯಿಂದ ಕಲಿತೆ, ಅದೂ ಅವರಿಗೆ ಭಯ ಹುಟ್ಟಿಸಿದ ಮೇಲೆ.

ಕಾರ್ಸಿನಾಯ್ಡ್ ಅನುಮಾನ ಇದ್ದರೆ 24 ಗಂಟೆಯ ಮೂತ್ರ ಹಿಡಿದು 5-ಎಚ್‌ಐಎಎ ನೋಡುತ್ತಾರೆ. ಸೆರೊಟೋನಿನ್ ಒಡೆದಾಗ ಉಳಿಯುವ ವಸ್ತು ಅದು. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಆಮೇಲೆ ಹೋದದ್ದನ್ನೆಲ್ಲಾ ಕ್ಯಾನಿಗೆ ಹಾಕಿ, ಮರುದಿನ ಅದೇ ಹೊತ್ತಿನ ಮೂತ್ರ ಸೇರಿಸಿ ತರಬೇಕು. ಆ ಮನುಷ್ಯ ಎಲ್ಲಾ ಸರಿಯಾಗಿ ಮಾಡಿದರು. ರಿಪೋರ್ಟ್ ಸ್ವಲ್ಪ ಮೇಲೆ ಬಂತು. ಒಂದು ವಾರ ಅವರು ನಿದ್ದೆ ಮಾಡಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಮತ್ತೆ ಬಂದಾಗ ಡಾಕ್ಟರ್, "ಏನೇನು ತಿಂದಿದ್ದರು, ಕೂತು ಕೇಳಿ" ಅಂದರು. ಬೆಳಿಗ್ಗೆ ಎರಡು ಬಾಳೆಹಣ್ಣು. ಸಂಜೆ ಒಂದು ಹಿಡಿ ಅಕ್ರೋಟು. ಕೆಮ್ಮಿಗೆ ಸಿರಪ್. ಬಾಳೆಹಣ್ಣು, ಅನಾನಸ್, ಅಕ್ರೋಟು, ಟೊಮೆಟೊ, ಬೆಣ್ಣೆಹಣ್ಣು ಇವನ್ನೆಲ್ಲಾ ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಮೂತ್ರ ಹಿಡಿದು ಮುಗಿಯುವ ತನಕ ಬಿಡಬೇಕು. ಕಫ ಸಡಿಲಿಸುವ ಗ್ವಾಯ್‌ಫೆನಿಸಿನ್ ಇರುವ ಸಿರಪ್ ಕೂಡ ಲೆಕ್ಕ ಕೆಡಿಸುತ್ತದೆ. ಪಟ್ಟಿಯ ಕಾಗದ ಕೊಟ್ಟಿದ್ದೆ. ಕೊಟ್ಟು ಕಳಿಸಿದ್ದೆ, ಅಷ್ಟೇ. ಒಂದೊಂದಾಗಿ ಓದಿ ಹೇಳಿರಲಿಲ್ಲ. ಸಿರಪ್ ಔಷಧಿ ಅಂತ ಅವರಿಗೆ ಅನಿಸಿಯೇ ಇರಲಿಲ್ಲ.

ಎರಡನೇ ಸಲ ಹಿಡಿದಾಗ ರಿಪೋರ್ಟ್ ನಾರ್ಮಲ್. ಹಾಗಾದರೆ ಕೆಂಪು ಯಾಕೆ? ಬಿಪಿಗೆ ಆಮ್ಲೋಡಿಪಿನ್ ಶುರು ಮಾಡಿ ಎರಡು ತಿಂಗಳಾಗಿತ್ತು, ಮುಖ ಕೆಂಪಾಗುವುದೂ ಆಗಲೇ ಶುರು. ಆ ಗುಂಪಿನ ಮಾತ್ರೆಗಳು ರಕ್ತನಾಳ ಅಗಲ ಮಾಡಿ ಬಿಪಿ ಇಳಿಸುತ್ತವೆ, ಕೆಲವರಿಗೆ ಮುಖ ಕೆಂಪೇರುವುದು ಅದರಿಂದಲೇ. ಡಾಕ್ಟರ್ ಬೇರೆ ಮಾತ್ರೆ ಕೊಟ್ಟರು, ಕೆಂಪು ಹೋಯಿತು. ನಿಯಾಸಿನ್ (ವಿಟಮಿನ್ ಬಿ3) ಮಾತ್ರೆ ಕೂಡ ಹೀಗೆ ಮಾಡುತ್ತದೆ. ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಮದ್ಯ ಕುಡಿದು ಮುಖ ಕೆಂಪಾಗಿ ಬಂದವರೂ ಇದ್ದಾರೆ. ಈಗ ನಾನು "ಯಾವ ಮಾತ್ರೆ?" ಅಂತ ಕೇಳಿ ಬಿಡುವುದಿಲ್ಲ. ಸಿರಪ್, ವಿಟಮಿನ್, ಅಂಗಡಿಯಲ್ಲಿ ಕೇಳಿ ತಂದದ್ದು, ಮನೆಯಲ್ಲಿ ಇನ್ನೊಬ್ಬರದ್ದು ನುಂಗಿದ್ದು, ಎಲ್ಲಾ ಕೇಳುತ್ತೇನೆ. ಆಸಿಡಿಟಿ ಮಾತ್ರೆಯನ್ನಂತೂ ಮರೆಯದೆ ಕೇಳುತ್ತೇನೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರಲ್ಲಿ ಇಂಥ ಗೆಡ್ಡೆ ಹುಡುಕಲು ಮಾಡುವ ಕ್ರೊಮೊಗ್ರ್ಯಾನಿನ್ ಎ ಎಂಬ ಇನ್ನೊಂದು ಪರೀಕ್ಷೆ ಗೆಡ್ಡೆ ಇಲ್ಲದೆಯೂ ಮೇಲೆ ಬರುತ್ತದೆ. ಕಿಡ್ನಿ ಸೋತವರಲ್ಲೂ ಅಷ್ಟೇ. ಆದರೆ ಮಾತ್ರೆ ನಿಲ್ಲಿಸುವುದು ಡಾಕ್ಟರ್ ಹೇಳಿದರೆ ಮಾತ್ರ.

ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಅವರ 5-ಎಚ್‌ಐಎಎ ಮಿತಿಗಿಂತ ಹಲವು ಪಟ್ಟು ಇತ್ತು. ಬಾಳೆಹಣ್ಣಿನಿಂದ ಅಷ್ಟು ಆಗುವುದಿಲ್ಲ. ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನ ಗೆಡ್ಡೆ, ಲಿವರ್‌ನಲ್ಲಿ ಅದರ ಹರಡಿಕೆ. ಹೃದಯದ ಎಕೋ ಕೂಡ ಮಾಡಿದರು, ಯಾಕೆಂದರೆ ಸೆರೊಟೋನಿನ್ ಬಹಳ ಕಾಲ ಹರಿದರೆ ಹೃದಯದ ಬಲಭಾಗದ ಕವಾಟಗಳು ದಪ್ಪವಾಗುತ್ತವೆ. ಅವರದ್ದು ಆಗ ಸರಿ ಇತ್ತು. ಮುಂಗೈ ಚರ್ಮ ಒರಟಾಗಿ ಕಪ್ಪಾಗಿತ್ತು. ಅದನ್ನೂ ನಾನು ಒಣ ಚರ್ಮ ಅಂದುಕೊಂಡಿದ್ದೆ. ಊಟದಲ್ಲಿ ಬರುವ ಟ್ರಿಪ್ಟೊಫ್ಯಾನ್ ಎಂಬ ಪ್ರೊಟೀನ್ ಅಂಶದಿಂದ ಮೈ ನಿಯಾಸಿನ್ ಕೂಡ ಮಾಡಿಕೊಳ್ಳುತ್ತದೆ. ಗೆಡ್ಡೆ ಅದನ್ನೆಲ್ಲಾ ಸೆರೊಟೋನಿನ್‌ಗೆ ಬಳಸಿಬಿಟ್ಟರೆ ನಿಯಾಸಿನ್ ಕೊರತೆಯಾಗಿ, ಬಿಸಿಲು ಬೀಳುವ ಕಡೆ ಚರ್ಮ ಹೀಗಾಗುತ್ತದೆ.

ಈಗ ಅವರು ನಾಲ್ಕು ವಾರಕ್ಕೊಮ್ಮೆ ಆಕ್ಟ್ರಿಯೊಟೈಡ್ ಇಂಜೆಕ್ಷನ್‌ಗೆ (ಗೆಡ್ಡೆ ರಾಸಾಯನಿಕ ಬಿಡುವುದನ್ನು ತಗ್ಗಿಸುವ ಔಷಧಿ) ಬರುತ್ತಾರೆ, ನಾನೇ ಕೊಡುತ್ತೇನೆ. ಹೋದ ಸಲ ಭೇದಿ ಹೇಗಿದೆ ಅಂತ ಕೇಳಿದೆ. "ರಾತ್ರಿ ಏಳೋದೇ ಇಲ್ಲ ಸಿಸ್ಟರ್, ಬೆಳಗಾದದ್ದೇ ಗೊತ್ತಾಗಲ್ಲ" ಅಂದರು. ಆ ಮಾತನ್ನು ಅವರು ಹೇಳಿದ ಹಾಗೇ ಫೈಲಿನಲ್ಲಿ ಬರೆದೆ.