ಸುಡುವ ಹಣೆ, ತಣ್ಣನೆಯ ಪಾದ

ಧಾರವಾಡ, 17 ಜುಲೈ 2024, ಬುಧವಾರ

ಬೆಳಗಿನ ಜಾವ ನಾಲ್ಕು ಗಂಟೆ. ಮಾಳಮಡ್ಡಿಯಲ್ಲಿ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿಲ್ಲ. ಮಗಳು ಈಗಷ್ಟೇ ನಿದ್ದೆ ಹೋಗಿದ್ದಾಳೆ.

ರಾತ್ರಿ ಎರಡಕ್ಕೆ ಥರ್ಮಾಮೀಟರ್ 102 ತೋರಿಸುತ್ತಿತ್ತು. ಹಣೆ ಕಾದ ಹಂಚು, ಪಾದ ಮಾತ್ರ ಬಾವಿಯ ನೀರಿನಷ್ಟು ತಣ್ಣಗೆ. ಹಲ್ಲು ಕಟಕಟಿಸುತ್ತಾ "ಚಳಿ, ಚಳಿ" ಎನ್ನುತ್ತಿದ್ದಳು. ಮೈ ಇಷ್ಟು ಸುಡುವಾಗ ಹೊದಿಕೆ ಏಕೆಂದು ನಾನು ಕೌದಿ ಎಳೆಯಲು ಹೋದರೆ ಅವ್ವ ತಡೆದಳು. "ಕಾಲು ಬೆಚ್ಚಗಾಗುವ ತನಕ ಜ್ವರ ಏರುತ್ತಲೇ ಇರುತ್ತದೆ. ಬೆಚ್ಚಗಾದ ಮೇಲೆ ನಾನೇ ತೆಗೆಯುತ್ತೇನೆ, ಬಿಡು."

ಹನ್ನೊಂದು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿರುವ ನನಗೆ ಆ ಪಾದ ಹಿಡಿದು ಕುಳಿತಾಗಲೇ ಪಾಠ ನಿಜವಾಗಿ ಅರ್ಥವಾಯಿತು.

ಮೈಯ ಕಾವನ್ನು ಅಳೆಯುವುದು ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗ. ಆದರೆ ಅದರ ಮಾತನ್ನು ಚರ್ಮಕ್ಕೆ ಮುಟ್ಟಿಸುವುದು ಮಿದುಳುಕಾಂಡ. ಅದರ ಕೆಳಭಾಗವಾದ ಮೆಡುಲ್ಲಾದ ನಟ್ಟನಡುವೆ ರಾಫೆ ಎಂಬ ನರಕೋಶಗಳ ಪುಟ್ಟ ಗುಂಪಿದೆ. ಅದು ಬೆನ್ನುಹುರಿಗೆ ಸಂದೇಶ ಇಳಿಸುತ್ತದೆ, ಅಲ್ಲಿಂದ ಹೊರಟ, ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ಸಿಂಪಥೆಟಿಕ್ ನರಗಳು ಅಂಗೈ, ಅಂಗಾಲು, ಕಿವಿಗಳ ರಕ್ತನಾಳಗಳನ್ನು ಬಿಗಿಯುತ್ತವೆ. ಮೈ ಕಾದಾಗ ಹೈಪೋಥಲಾಮಸ್ ರಾಫೆಯನ್ನು ಅದುಮುತ್ತದೆ, ನಾಳಗಳು ಸಡಿಲವಾಗುತ್ತವೆ. ತಂಪಿನಲ್ಲಿ ಸುಮ್ಮನೆ ಕುಳಿತ ವಯಸ್ಕರ ಚರ್ಮದಲ್ಲಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಹರಿಯುವ ರಕ್ತ, ಕಡು ಸೆಖೆಯಲ್ಲಿ ಏಳೆಂಟು ಲೀಟರ್‌ವರೆಗೂ ಏರಬಲ್ಲದು!

ಜ್ವರದಲ್ಲಿ ಇದೆಲ್ಲ ತಿರುಗುಮುರುಗು. ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಹೈಪೋಥಲಾಮಸ್‌ನ ಆ ಅದುಮನ್ನೇ ಸಡಿಲಿಸುತ್ತದೆ. ರಾಫೆ ಚುರುಕಾಗಿ ಪಾದದ ನಾಳಗಳನ್ನು ಮುಚ್ಚಿಸುತ್ತದೆ. ಬಿಸಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ನಡುಕವೂ ಅದೇ ದಾರಿಯಲ್ಲಿ ಬರುತ್ತದೆ. ಅಂದರೆ ಮಗುವಿನ ತಣ್ಣನೆಯ ಪಾದ ಜ್ವರ ಇಳಿಯುತ್ತಿರುವ ಗುರುತಲ್ಲ, ಏರುತ್ತಿರುವ ಗುರುತು. ಪ್ಯಾರಸಿಟಮಾಲ್ ತಡೆಯುವುದು ಇದೇ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು.

1850ರ ದಶಕದ ಆರಂಭದಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ ಮೊಲದ ಕುತ್ತಿಗೆಯ ಒಂದು ಬದಿಯ ಸಿಂಪಥೆಟಿಕ್ ನರ ಕತ್ತರಿಸಿದಾಗ ಆ ಬದಿಯ ಕಿವಿ ಬಿಸಿಯೇರಿತು. ಪ್ರತಿ ವರ್ಷ ಹಲಗೆಯ ಮೇಲೆ ಆ ಕಿವಿ ಬರೆಯುತ್ತೇನೆ. ಈ ಸಲ ಪಕ್ಕದಲ್ಲಿ ಒಂದು ಪಾದವನ್ನೂ ಬರೆಯಬೇಕು.

ವೈದ್ಯರು ಹೇಳಿದ್ದ ಅಳತೆಯ ಔಷಧಿ ಎರಡೂಕಾಲಿಗೆ ಕೊಟ್ಟೆ. ಮೂರೂವರೆಯ ಹೊತ್ತಿಗೆ ಅಂಗಾಲು ಬೆಚ್ಚಗಾಗಿ, ಕುತ್ತಿಗೆಯ ಸುತ್ತ ಬೆವರು ಮೂಡಿತ್ತು. ಅವ್ವ ಪಾದ ಮುಟ್ಟಿ ನೋಡಿ, ಮಾತಾಡದೆ ಕೌದಿ ತೆಗೆದು ಮಡಚಿಟ್ಟಳು.