ಲಾಂಚಿನಲ್ಲಿ ಸಿಕ್ಕ ದೊಡ್ಡಮ್ಮ

ಸಿಗಂದೂರಿಗೆ ಹೋಗೋಣ ಅಂತ ಹಠ ಹಿಡಿದವಳು ಅಮ್ಮ. ಮಲೆನಾಡಿನ ತೋಟಗಳ ಬೇಲಿಯಲ್ಲಿ 'ಶ್ರೀ ದೇವಿಯ ಕಾವಲಿದೆ' ಎಂಬ ಬೋರ್ಡು ನೋಡಿದಾಗಿನಿಂದ ಅವಳಿಗೆ ಆ ಚೌಡೇಶ್ವರಿಯ ಮೇಲೆ ಭಕ್ತಿಗಿಂತ ಕುತೂಹಲ ಜಾಸ್ತಿ. ನನಗೆ ದೇವಸ್ಥಾನಕ್ಕಿಂತ ಲಾಂಚಿನ ಆಸೆ. ಶರಾವತಿ ಹಿನ್ನೀರಿನ ಮೇಲೆ ಆಗಿನ್ನೂ ಸೇತುವೆ ಕಟ್ಟುತ್ತಿದ್ದರು. ಹೊಳೆಬಾಗಿಲಿನಿಂದ ಆಚೆ ದಡದ ಕಳಸವಳ್ಳಿಗೆ ಹೋಗಲು ಲಾಂಚೇ ಗತಿ.

2023ರ ಜೂನ್. ಮಳೆ ಇನ್ನೂ ಹಿಡಿದಿರಲಿಲ್ಲ. ಮೊದಲು ಜೋಗಕ್ಕೆ ಹೋದೆವು. ನೀರಿಲ್ಲದ ಬಂಡೆಯ ಮುಂದೆ ಸೆಲ್ಫಿ ತೆಗೆಯುವವರ ನೂಕುನುಗ್ಗಲು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಹೊಳೆಬಾಗಿಲಿಗೆ ಬಂದರೆ, ನೀರು ಕಡಿಮೆಯಾಗಿ ಲಾಂಚಿಗೆ ಗಾಡಿ ಹತ್ತಿಸುತ್ತಿಲ್ಲ, ಜನ ಮಾತ್ರ ಅಂದರು. ಕಾರು ಬಾಡಿಗೆಗೆ ಕೊಟ್ಟವನು ಹಿಂದಿನ ರಾತ್ರಿಯಷ್ಟೇ ಫೋನಿನಲ್ಲಿ 'ಕಾರು ಸಮೇತ ದೇವಸ್ಥಾನದ ಬಾಗಿಲಿಗೇ ಬಿಡ್ತೀವಿ ಮೇಡಂ' ಅಂದಿದ್ದ. ಡ್ರೈವರ್ ದಡದಲ್ಲೇ ಇಳಿಸಿ, ಪೂರ್ತಿ ದುಡ್ಡು ಎಣಿಸಿಕೊಂಡು, ಕಾಯುವುದಕ್ಕೆ ಬೇರೆ ಚಾರ್ಜು ಅಂದ. ಬೇಡ ಹೋಗಪ್ಪ ಅಂದೆವು. ಇವತ್ತಿಗೂ ಅದು ನೆನಪಾದರೆ ಮೈ ಉರಿಯುತ್ತದೆ. ಮಲೆನಾಡಿನ ಕಡೆ ಬಾಡಿಗೆ ಕಾರು ಮಾಡುವವರು, ದಾರಿ ಅರ್ಧಕ್ಕೆ ನಿಂತರೆ ದುಡ್ಡಿನ ಲೆಕ್ಕ ಹೇಗೆ ಅನ್ನುವುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲುವುದಿಲ್ಲ.

ಲಾಂಚಿನಲ್ಲಿ ನಾನು ಸಿಟ್ಟಿನಲ್ಲಿ ಒಂದು ಮೂಲೆ ಹಿಡಿದೆ. ಅಮ್ಮ ಮಾತ್ರ ಪಕ್ಕದಲ್ಲಿದ್ದ ಹೆಂಗಸಿನ ಚೀಲದತ್ತ ನೋಡುತ್ತಿದ್ದಳು. ಚೀಲದಲ್ಲಿ ಬಟ್ಟೆ ಕಟ್ಟಿದ ಒಂದು ಭರಣಿ.

"ಅದೇನಕ್ಕ, ಉಪ್ಪಿನಕಾಯಾ?"

"ಜೀರಿಗೆ ಮಿಡಿ. ಸಾಗರದಲ್ಲಿ ತಮ್ಮನ ಮನೇಲಿ ಉಪ್ಪಿಗೆ ಹಾಕಿಟ್ಟಿದ್ದೆ. ನೀವು ಎಲ್ಲಿಂದ ಬಂದ್ರಿ?"

ಅಷ್ಟೇ ಸಾಕಾಯಿತು. ಮಾವಿನ ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ಕೆಳಗೆ ಬಿದ್ದದ್ದು ಆಗದು, ಉಪ್ಪಿನಲ್ಲಿ ಚೆನ್ನಾಗಿ ಚಿರುಟಿದ ಮೇಲೇ ಖಾರ ಹಾಕಬೇಕು ಅಂತ ಅವರು ಹೇಳುತ್ತಾ ಹೋದರು. ಮಂಡ್ಯದ ನಮ್ಮಮ್ಮ ನಿಂಬೆಕಾಯಿಯೇ ಮೇಲು ಅಂತ ವಾದ ಹೂಡಿದಳು. ಲಾಂಚು ಅರ್ಧ ದಾರಿ ದಾಟಿರಬೇಕು. ಅವರು ಮಾತು ನಿಲ್ಲಿಸಿ ನೀರಿನ ಕಡೆ ಕೈ ತೋರಿಸಿದರು.

"ಆ ಒಣ ಮರದ ಬೊಡ್ಡೆ ಕಾಣ್ತದಲ, ಅದರಿಂದ ಇನ್ನೂ ಆಚೆ. ನಮ್ಮ ಅಪ್ಪನ ಮನೆ ಅಲ್ಲಿತ್ತು."

ನಾನು ಮೂಲೆಯಿಂದ ಎದ್ದು ಬಂದೆ.

ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವರು ಪುಟ್ಟ ಹುಡುಗಿ. ಅಪ್ಪ ಮನೆಯ ಹೆಂಚು, ಬಾಗಿಲು, ತೊಲೆ ಎಲ್ಲಾ ಬಿಚ್ಚಿ ಗಾಡಿಗೆ ಹೇರಿದ್ದರಂತೆ. ಅಡಿಕೆ ಮರ ಮಾತ್ರ ಹೇರಲು ಬರುವುದಿಲ್ಲವಲ್ಲ. "ಮರದಲ್ಲಿ ಕಾಯಿ ಇತ್ತು. ಅಪ್ಪ ಅದನ್ನೇ ಹೇಳ್ತಿದ್ರು, ಸಾಯೋವರೆಗೂ." ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ, ಕವಳದ, ಅಂದರೆ ಎಲೆ ಅಡಿಕೆಯ, ಸಂಚಿ ಬಿಚ್ಚಿದರು.

"ಅದಕ್ಕಿಂತ ಮೊದಲೇ ಒಂದು ಡ್ಯಾಮಿತ್ತು ಗೊತ್ತಾ? ಮಡೇನೂರು ಡ್ಯಾಂ. ಅದೂ ಮುಳುಗಿತು. ಡ್ಯಾಮೇ ಮುಳುಗಿದ ಮೇಲೆ ನಮ್ಮ ಮನೆ ಯಾವ ಲೆಕ್ಕ!" ಅಂತ ನಕ್ಕರು. "ಈ ವರ್ಷ ನೀರಿಲ್ಲ, ಎದ್ದು ಕೂತಿದೆಯಂತೆ. ನಾನೂ ನೋಡದೆ ಎಷ್ಟೋ ವರ್ಷ ಆಯ್ತು. ಬರ್ತೀರಾ?"

ಅಮ್ಮ ನನ್ನನ್ನು ಕೇಳಲೇ ಇಲ್ಲ. "ಬರ್ತೀವಿ" ಅಂದುಬಿಟ್ಟಳು.

ದೇವರ ದರ್ಶನ ಮುಗಿಸಿ ರಾತ್ರಿ ಅವರ ಮನೆಯಲ್ಲೇ ಉಳಿದೆವು. ಹೊಸ್ತಿಲು ದಾಟುತ್ತಲೇ "ಆಸ್ರಿಗೆ ಎಂತ ಕೊಡ್ಲಿ?" ಅಂತ, ಅಂದರೆ ಕುಡಿಯಲು ಏನು ಕೊಡಲಿ ಅಂತ ಕೇಳಿ, ಉತ್ತರಕ್ಕೂ ಕಾಯದೆ ಅಪ್ಪೆಹುಳಿ ತಂದಿಟ್ಟರು. ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟ ಸಾರು. ಸಾರು ಅಂದರೆ ಅವರು ಒಪ್ಪುವುದಿಲ್ಲ, ಇರಲಿ. ಅನ್ನಕ್ಕೆ ಕಲಸಿದ್ದಕ್ಕಿಂತ ಲೋಟದಲ್ಲಿ ಕುಡಿದದ್ದೇ ಹೆಚ್ಚು. ಆಮೇಲೆ ಬಂದ ನಿದ್ದೆಯ ಬಗ್ಗೆ ಕೇಳಬೇಡಿ. ಅಷ್ಟು ಹೊತ್ತಿಗೆ ನಾನೂ ಅವರನ್ನು ದೊಡ್ಡಮ್ಮ ಅನ್ನಲು ಶುರುಮಾಡಿದ್ದೆ.

ಬೆಳಿಗ್ಗೆ ಲಾಂಚು ದಾಟಿ ಈಚೆ ಬಂದಾಗ ಅವರ ತಮ್ಮನ ಮಗ ಜೀಪು ತಂದು ನಿಂತಿದ್ದ. ಸ್ವಲ್ಪ ದೂರ ರಸ್ತೆ, ಆಮೇಲೆ ಮಣ್ಣುದಾರಿ, ಆಮೇಲೆ ದಾರಿಯೇ ಇಲ್ಲ. ಒಣಗಿ ಬಿರಿದ ಕೆರೆಯಂಗಳದಂಥ ನೆಲ. ಎಲ್ಲೆಲ್ಲೂ ಕಪ್ಪು ಬೊಡ್ಡೆಗಳು. ಇಷ್ಟು ವರ್ಷ ನೀರಿನಲ್ಲಿದ್ದರೂ ಕೊಳೆತಿಲ್ಲ. ಜೀಪು ನಿಲ್ಲಿಸಿ ನಡೆದೆವು. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ.

ಡ್ಯಾಂ ಕಂಡಾಗ ನಿಜವಾಗಿ ಬೆರಗಾಯಿತು. ಹಾಳು ಗೋಡೆ ನೋಡಲು ಬಂದಿದ್ದ ನನಗೆ ಕಂಡದ್ದು ನಿನ್ನೆ ಮೊನ್ನೆ ಕಟ್ಟಿದಂಥ ಕಲ್ಲಿನ ಕಟ್ಟಡ. ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು 1940ರ ದಶಕದಲ್ಲಿ ಮೈಸೂರು ಸರ್ಕಾರ ಕಟ್ಟಿದ್ದು. ಕಾಗದದಲ್ಲಿ ಅದರ ಹೆಸರು ಹಿರೇಭಾಸ್ಕರ. ಗೋಡೆಯ ಪಕ್ಕ ಸಾಲಾಗಿ ನಿಂತ ಭಾರೀ ಸಿಲಿಂಡರುಗಳು. ಅವೇ ಸೈಫನ್‌ಗಳು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ವಿನ್ಯಾಸ.

ತಮ್ಮನ ಮಗನಿಗೆ ಇದರ ಹುಚ್ಚು. ಒಂದು ಸಿಲಿಂಡರಿನ ಬುಡದಲ್ಲಿ ನಿಲ್ಲಿಸಿ ವಿವರಿಸಿದ. ಗೇಟು ಇಲ್ಲ, ತೆಗೆಯಲು ಆಳೂ ಬೇಡ. ನೀರು ಮಟ್ಟ ಮೀರಿತೆಂದರೆ ಮೇಲಿನ ಆಲಿಕೆಯಂಥ ಬಾಯಿಯಿಂದ ಸುಳಿ ಸುತ್ತುತ್ತಾ ಇಳಿಯುತ್ತದೆ. ಇಳಿಯುವಾಗ ಒಳಗಿನ ಗಾಳಿಯನ್ನೂ ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದರೆ ಸೈಫನ್ ಹಿಡಿದು, ಹೆಚ್ಚಿನ ನೀರನ್ನು ತಾನೇ ಎಳೆದು ಹೊರಹಾಕುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ತಾನೇ ನಿಲ್ಲುತ್ತದೆ.

"ಮಳೆಗಾಲದಲ್ಲಿ ಇದು ಶುರುವಾದ್ರೆ ಮನೇಲಿದ್ದವರಿಗೂ ಕೇಳ್ತಿತ್ತು" ಅಂದರು ದೊಡ್ಡಮ್ಮ. "ಅಜ್ಜಿ ಹೆದರಿ ದೇವರ ಮುಂದೆ ದೀಪ ಹಚ್ತಿದ್ಲು. ನಾವು ಮಕ್ಕಳು ನೋಡೋಕೆ ಓಡ್ತಿದ್ವಿ."

ಬಿಸಿಲೇರುವವರೆಗೂ ಅಲ್ಲೇ ಇದ್ದೆವು. ಅಮ್ಮ ಮತ್ತು ದೊಡ್ಡಮ್ಮ ಗೋಡೆಯ ನೆರಳಿನಲ್ಲಿ ಕೂತು ಕವಳ ಹಾಕಿದರು. ಅಮ್ಮನಿಗೆ ಎಲೆ ಅಡಿಕೆ ಅಭ್ಯಾಸವೇ ಇಲ್ಲ, ಬೆವರಿ ತಲೆ ತಿರುಗಿ ಒದ್ದಾಡಿದಳು. ಹೋಗುವವರು ನೀರು ಜಾಸ್ತಿ ಒಯ್ಯಿರಿ, ನೆರಳು ಸಿಗುವುದು ಕಷ್ಟ. ಕೆಲವು ಕಡೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಿರುತ್ತದೆ, ಊರಿನವರಿಲ್ಲದೆ ಇಳಿಯಬೇಡಿ.

ಅಮ್ಮನಿಗೂ ದೊಡ್ಡಮ್ಮನಿಗೂ ಈಗ ಫೋನು ನಿಲ್ಲುವುದೇ ಇಲ್ಲ. 2025ರ ಜುಲೈನಲ್ಲಿ ಸೇತುವೆ ಶುರುವಾದಾಗ ನಾನು ಲಾಂಚು ಹೋಯಿತಲ್ಲ ಅಂತ ಬೇಜಾರು ಮಾಡಿಕೊಂಡೆ. ದೊಡ್ಡಮ್ಮ ಬೈದರು. "ನಿನಗೇನು ಮಾರಾಯ್ತಿ, ಫೋಟೋ ಹೊಡ್ಕೊಂಡು ಹೋಗ್ತೀಯ. ರಾತ್ರಿ ಹೆರಿಗೆ ನೋವು ಬಂದವರನ್ನ ದಡದಲ್ಲಿ ಕೂರಿಸ್ಕೊಂಡು ಲಾಂಚಿಗೆ ಕಾದವರನ್ನ ಕೇಳು."

ಆಮೇಲೆ ಕಣ್ಣಿನ ಆಪರೇಷನ್ನಿಗೆ ಅಂತ ಬೆಂಗಳೂರಿಗೆ ಬಂದವರು ನಮ್ಮ ಮನೆಯಲ್ಲೇ ಉಳಿದರು. ಕಣ್ಣು ಸರಿಹೋದ ಮೇಲೆ ಲಾಲ್‌ಬಾಗ್ ತೋರಿಸಲೇ ಅಂದೆ. ಬೇಡವಂತೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿನಲ್ಲೂ ಅದೇ ಗಣೇಶ್ ಅಯ್ಯರ್ ಸೈಫನ್ ಇದೆ ಅಂತ ತಮ್ಮನ ಮಗ ತಲೆಗೆ ತುಂಬಿ ಕಳಿಸಿದ್ದ. ಸರಿ, ಒಂದು ಭಾನುವಾರ ಮೂವರೂ ಹೊರಟೆವು. ಶಿಂಷಾ ನದಿಯ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ದೊಡ್ಡಮ್ಮ ಬಹಳ ಹೊತ್ತು ನೋಡಿದರು. ಅಮ್ಮ ಹೆಮ್ಮೆಯಿಂದ, "ಹೆಂಗಿದೆ ಅಕ್ಕ ನಮ್ಮ ಕಡೆ ಡ್ಯಾಮು?" ಅಂದಳು.

"ಅಡ್ಡಿಲ್ಲ" ಅಂದರು ದೊಡ್ಡಮ್ಮ. "ಮುಳುಗಿದ್ರೂ ನಮ್ದೇ ಚೆಂದ."