ಗಡ್ಡೆಗೆ ರಕ್ತ ಬರೋದು ಎಲ್ಲಿಂದ?

ಒಂದು ಸೆಂಟಿಮೀಟರ್ ಕ್ಯಾನ್ಸರ್ ಗಡ್ಡೆ ಅಂದರೆ ಚಿಕ್ಕದು ಅಂತ ಅನ್ನಿಸುತ್ತದೆ. ಆದರೆ ಅದರಲ್ಲಿ ಹತ್ತಿರ ಹತ್ತಿರ 100 ಕೋಟಿ ಜೀವಕೋಶಗಳಿರಬಹುದು. ಒಂದೇ ಒಂದು ಜೀವಕೋಶ ಸುಮಾರು 30 ಸಲ ದುಪ್ಪಟ್ಟಾದರೆ ಅಷ್ಟಾಗುತ್ತದೆ. ಇಷ್ಟೂ ಬಾಯಿಗೆ ಊಟ ಹಾಕೋರು ಯಾರು?

ನಮ್ಮ ದೇಹದಲ್ಲಿ ರಕ್ತನಾಳದಿಂದ ಆಮ್ಲಜನಕ ಹೊರಗೆ ಹರಡುವುದು 0.1, ಹೆಚ್ಚೆಂದರೆ 0.2 ಮಿಲಿಮೀಟರ್ ದೂರ ಅಷ್ಟೇ. ಹಾಗಾಗಿ ಸ್ವಂತ ರಕ್ತನಾಳ ಇಲ್ಲದ ಗಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ಅಲ್ಲೇ ನಿಲ್ಲುತ್ತದೆ. ಜೂಡಾ ಫೋಕ್‌ಮನ್ ಎಂಬ ಅಮೆರಿಕದ ಸರ್ಜನ್ 1971ರಲ್ಲಿ ಇದನ್ನೇ ಹೇಳಿದಾಗ ತುಂಬಾ ಜನ ನಂಬಲಿಲ್ಲ. ಅವರ ತಂಡ ಮೊಲದ ಕಣ್ಣಿನೊಳಗೆ ಗಡ್ಡೆಯ ಚೂರು ಇಟ್ಟು ನೋಡಿತು. ಕಣ್ಣಿನ ನೀರಿನಲ್ಲಿ ತೇಲುತ್ತಿದ್ದ ಚೂರು ಸಾಯಲಿಲ್ಲ, ಬೆಳೆಯಲೂ ಇಲ್ಲ. ಅದೇ ಚೂರನ್ನು ರಕ್ತನಾಳಗಳಿರುವ ಐರಿಸ್‌ಗೆ, ಅಂದರೆ ಕಣ್ಣಿನ ಬಣ್ಣದ ಭಾಗಕ್ಕೆ, ತಾಗಿಸಿ ಇಟ್ಟರೆ, ನಾಳಗಳು ಅದರೊಳಗೆ ನುಗ್ಗಿ ಗಡ್ಡೆ ಸರ್ರನೆ ದೊಡ್ಡದಾಯಿತು!

ಉಸಿರುಗಟ್ಟಿದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ, ಅದನ್ನು ಹಿಡಿದು ಪಕ್ಕದ ರಕ್ತನಾಳ ಕವಲೊಡೆದು ಇತ್ತ ಬೆಳೆಯುತ್ತದೆ. ಗಾಯ ಮಾಯುವಾಗಲೂ ನಡೆಯೋದು ಇದೇ. ಗಾಯದಲ್ಲಿ ಕೆಲಸ ಮುಗಿದ ಮೇಲೆ ಅದು ನಿಲ್ಲುತ್ತದೆ, ಗಡ್ಡೆಯಲ್ಲಿ ನಿಲ್ಲೋದಿಲ್ಲ.

ಹಾಗಾದರೆ ರಕ್ತ ನಿಲ್ಲಿಸಿಬಿಟ್ಟರೆ ಮುಗೀತಲ್ಲ? ನನಗೂ ಹಾಗೇ ಅನ್ನಿಸಿತ್ತು. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ಗೆ, ಕೀಮೋ ಜೊತೆಗೆ. ಒಂದಷ್ಟು ತಿಂಗಳು ಜಾಸ್ತಿ ಸಿಕ್ಕಿತು, ಕಾಯಿಲೆ ಮಾತ್ರ ಹೋಗಲಿಲ್ಲ. ಒಂದು ದಾರಿ ಮುಚ್ಚಿದರೆ ಗಡ್ಡೆ ಬೇರೆ ಪ್ರೋಟೀನ್ ಬಳಸಿ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಪಕ್ಕದಲ್ಲಿ ಇರುವ ನಾಳಗಳನ್ನೇ ಬಳಸಿಕೊಳ್ಳುತ್ತದೆ.

ಇನ್ನೊಂದು ತಮಾಷೆ ಇದೆ. ಗಡ್ಡೆಯ ನಾಳಗಳು ಅವಸರದಲ್ಲಿ ಕಟ್ಟಿದವು. ಸೊಟ್ಟಪಟ್ಟ, ಸೋರುವಂಥವು, ಕೆಲವಂತೂ ಎಲ್ಲಿಗೂ ಹೋಗೋದೇ ಇಲ್ಲ. ಹಾಗಾಗಿ ಕೀಮೋ ಔಷಧಿಯೂ ಒಳಗೆ ಸರಿಯಾಗಿ ತಲುಪುವುದಿಲ್ಲ. ಆಮ್ಲಜನಕ ಕಮ್ಮಿ ಇರುವ ಕಡೆ ರೇಡಿಯೇಷನ್ ಕೂಡ ಅಷ್ಟಾಗಿ ನಾಟುವುದಿಲ್ಲ.

ಈ ಸೋರುವ ನಾಳಗಳೇ ಹೊರಗೆ ಹೋಗುವ ದಾರಿಯೂ ಹೌದು. ರಕ್ತಕ್ಕೆ ಇಳಿದ ಕ್ಯಾನ್ಸರ್ ಜೀವಕೋಶಗಳಲ್ಲಿ ಬಹುಪಾಲು ಸತ್ತೇ ಹೋಗುತ್ತವೆ. ಉಳಿದವು ಎಲ್ಲಿ ಬೇಕಾದರೂ ಬೇರು ಬಿಡುವುದಿಲ್ಲ. 1889ರಲ್ಲೇ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಹೆಂಗಸರ ದಾಖಲೆ ನೋಡಿ, ಬೀಜಕ್ಕೆ ತಕ್ಕ ಮಣ್ಣು ಬೇಕು ಎಂದಿದ್ದರು. ಮಣ್ಣಿನ ಜೊತೆ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಕರುಳಿನ ರಕ್ತ ಮೊದಲು ಹೋಗೋದೇ ಲಿವರ್‌ಗೆ, ಹಾಗಾಗಿ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡುವುದು ಹೆಚ್ಚು. ಹಾಗೆ ಹರಡಿದ್ದು ಲಿವರ್ ಕ್ಯಾನ್ಸರ್ ಆಗುವುದಿಲ್ಲ, ಕರುಳಿನ ಕ್ಯಾನ್ಸರೇ, ಔಷಧಿಯೂ ಅದರದ್ದೇ. ರಿಪೋರ್ಟ್ ಓದುವಾಗ ಇಲ್ಲಿ ಗೊಂದಲ ಆಗೋದು ಸಹಜ.

ಕೆಲವು ಜೀವಕೋಶಗಳು ಮೂಳೆಯ ಮಜ್ಜೆಯಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತವೆ, ಸ್ಕ್ಯಾನಿನಲ್ಲೂ ಕಾಣೋದಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್‌ನಲ್ಲಿ ಗಡ್ಡೆ ತೆಗೆದ ಮೇಲೂ ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೂ ಮಾತ್ರೆ ಕೊಡುವುದು ಇಂಥವುಗಳಿಗೋಸ್ಕರವೇ.